ಛೇ... ತ್ರಿ!

ಫುಟ್‌ಬಾಲ್ ಆಟಗಾರ ಸುನಿಲ್ ಛೇತ್ರಿಯ ಅಭಿಮಾನಿಗೆ ಮೊದಲ ಪೆಟ್ಟು ಬೀಳುವುದು ಮೈದಾನದಲ್ಲಲ್ಲ, ಜೆರ್ಸಿಗೆ ಹೆಸರು ಹಾಕುವ ಅಂಗಡಿಯಲ್ಲಿ.

ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ, ಬೆನ್ನ ಮೇಲೆ 11, ಅದರ ಮೇಲೆ ಕನ್ನಡದಲ್ಲಿ ಹೆಸರು. ಆಸೆ ಇಷ್ಟೇ. ಆದರೆ 'ಛ' ಕಿವಿಗೆ ಬಿದ್ದರೆ ಅಂಗಡಿ ಹುಡುಗನಿಗೆ ನೆನಪಾಗುವುದು ಒಂದೇ ಪದ. ಸಂಜೆ ಹೋಗಿ ಮಡಿಕೆ ಬಿಚ್ಚಿ ನೋಡಿದರೆ, ನೀಲಿ ಮೇಲೆ ಬೆಳ್ಳಗೆ, ದಪ್ಪಗೆ: ಛತ್ರಿ.

"ಏನಪ್ಪಾ ಇದು, ಛತ್ರಿ ಅಂತ ಹಾಕಿದ್ದೀಯಲ್ಲ?"

"ನೀವೇ ಹೇಳಿದ್ದಲ್ವಾ ಸಾರ್, ಸುನಿಲ್ ಛತ್ರಿ ಅಂತ?"

"ಛೇತ್ರಿ ಕಣಯ್ಯಾ. ಛೇ!"

"ಅದಕ್ಕ್ಯಾಕ್ ಸಾರ್ ಬೇಜಾರು ಮಾಡ್ಕೋತೀರ, ಬಿಡಿ, ಬೇರೆ ಹಾಕ್ಕೊಡೋಣ."

ಕನ್ನಡದಲ್ಲಿ ಛತ್ರಿ ಎಂದರೆ ಮಳೆಗೆ ಹಿಡಿಯುವುದಷ್ಟೇ ಅಲ್ಲ. 'ಅವನೊಬ್ಬ ಛತ್ರಿ' ಅಂದರೆ ಏನರ್ಥವೆಂದು ಬಸ್‌ಸ್ಟ್ಯಾಂಡು ಕಂಡವರಿಗೆಲ್ಲ ಗೊತ್ತು. ಆ ಜೆರ್ಸಿ ತೊಟ್ಟು ಮೆಟ್ರೊದಲ್ಲಿ ನಿಂತರೆ ಹಿಂದಿನವರು ಅದನ್ನು ಆಟಗಾರನ ಹೆಸರೆಂದು ಓದುವುದಿಲ್ಲ, ತೊಟ್ಟವನ ಪರಿಚಯಪತ್ರ ಎಂದೇ ಓದುತ್ತಾರೆ.

ತಪ್ಪೆಲ್ಲ ಹುಡುಗನದ್ದೇ ಅಂತಲೂ ಅಲ್ಲ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಮಿಷನ್ನು ವಿನೈಲ್ ಹಾಳೆಯ ಮೇಲೆ ಉಲ್ಟಾ ಕತ್ತರಿಸುತ್ತದೆ. ಬೇಡದ ಭಾಗವನ್ನು ಚಿಮಟದಲ್ಲಿ ಎಬ್ಬಿಸಿ ತೆಗೆಯುತ್ತಾರೆ. ಉಳಿದ ಅಕ್ಷರಗಳನ್ನು ಬಟ್ಟೆಯ ಮೇಲಿಟ್ಟು ಬಿಸಿ ಪ್ರೆಸ್ಸಿನಲ್ಲಿ 130ರಿಂದ 150 ಡಿಗ್ರಿಯಲ್ಲಿ ಹತ್ತು-ಹದಿನೈದು ಸೆಕೆಂಡು ಒತ್ತುತ್ತಾರೆ. ಅನಾಹುತ ಆಗುವುದು ಚಿಮಟದ ಹಂತದಲ್ಲಿ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ದೀರ್ಘವಿಲ್ಲ, ಒತ್ತಿಲ್ಲ. ನಮ್ಮ 'ಛೇ'ಯ ದೀರ್ಘ ಬೇರೆಯೇ ಒಂದು ತುಂಡು, 'ತ್ರಿ'ಯ ಒತ್ತು ಇನ್ನೊಂದು. ಕಸದ ಜೊತೆ ದೀರ್ಘವೂ ಎದ್ದು ಹೋದರೆ 'ಛೆತ್ರಿ', ಒತ್ತು ಹೋದರೆ 'ಛೇತಿ'. ಹಳೆಯ ಸಾಫ್ಟ್‌ವೇರಿಗೆ ಯೂನಿಕೋಡ್ ಅರ್ಥವಾಗದಿದ್ದರಂತೂ ಒತ್ತಕ್ಷರ ಮುರಿದು ಹೆಸರು ಎರಡು ಹೋಳಾಗಿ ಬರುತ್ತದೆ. 'ನುಡಿ'ಯೋ 'ಬರಹ'ವೋ, ಯಾವುದಾದರೂ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿ, ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಬರೀ ಗೆರೆಯ ಚಿತ್ರಕ್ಕೆ, ಬದಲಿಸಿಯೇ ಕತ್ತರಿಸಲು ಹೇಳಿ. ಪ್ರೆಸ್ಸಿಗೆ ಹೋಗುವ ಮುಂಚೆ ಹಾಳೆಯನ್ನು ಮಗುಚಿ, ಪಾರದರ್ಶಕ ಕಡೆಯಿಂದ ಒಂದೊಂದೇ ಅಕ್ಷರ ಓದಿ. ಬಿಸಿ ಕೊಟ್ಟ ಮೇಲೆ ಛತ್ರಿ ಛತ್ರಿಯೇ.

ಛೇತ್ರಿ ಎಂದರೆ ನೇಪಾಳಿಯಲ್ಲಿ ಕ್ಷತ್ರಿಯ. ಕನ್ನಡದ ಕಿವಿಗೆ ಮಾತ್ರ ಅದು ಪಂದ್ಯದ ಪೂರ್ತಿ ವರದಿ. ಚೆಂಡು ಕಂಬಕ್ಕೆ ಬಡಿದರೆ ಹೆಸರಿನ ಮೊದಲರ್ಧ, ಒಂದೇ ಪಂದ್ಯದಲ್ಲಿ ಮೂರು ಗೋಲಿನ ಹ್ಯಾಟ್ರಿಕ್ ಬಂದರೆ ಎರಡನೆಯದು. ಇಪ್ಪತ್ತು ವರ್ಷದ ಲೆಕ್ಕ ತೆಗೆದರೆ ಮೊದಲರ್ಧವೇ ಜಾಸ್ತಿ. ಫುಟ್‌ಬಾಲ್ ಎಂದರೇ ಹಾಗೆ. (ಇಲ್ಲಿ ಏಕವಚನಕ್ಕೆ ಯಾರೂ ಕೋಪಿಸಿಕೊಳ್ಳಬಾರದು. ನಮ್ಮಲ್ಲಿ ದೇವರಿಗೂ ಏಕವಚನವೇ, ಬಹುವಚನ ಏನಿದ್ದರೂ ಮ್ಯಾನೇಜರಿಗೆ.)

ಈ ಮನುಷ್ಯನ ಎತ್ತರ 170 ಸೆಂಟಿಮೀಟರ್. ಗೋಲಿನ ಅಡ್ಡಪಟ್ಟಿ ಇರುವುದು 244ರಲ್ಲಿ. ಆರಡಿ ದಾಟಿದ ಡಿಫೆಂಡರ್‌ಗಳ ನಡುವೆ ನಿಂತು ತಲೆಯಿಂದ ಗೋಲು ಹೊಡೆಯುವುದು ಹೇಗೆ? ಉತ್ತರ ಕಾಲಿನ ಎಗರಾಟದಲ್ಲಿಲ್ಲ, ಗಡಿಯಾರದಲ್ಲಿದೆ. ಕ್ರಾಸ್, ಅಂದರೆ ಮೈದಾನದ ಬದಿಯಿಂದ ಗೋಲಿನ ಮುಂದಕ್ಕೆ ಒದ್ದ ಚೆಂಡು, ಬರುವಾಗ ಡಿಫೆಂಡರ್‌ನ ಕಣ್ಣು ಚೆಂಡಿನ ಮೇಲಿರುತ್ತದೆ. ಚೆಂಡನ್ನೂ ಬೆನ್ನ ಹಿಂದಿನವನನ್ನೂ ಏಕಕಾಲಕ್ಕೆ ನೋಡಲು ಯಾರಿಗೂ ಆಗದು. ಛೇತ್ರಿ ನಿಲ್ಲುವುದು ಆ ಕಾಣದ ಭುಜದ ಹಿಂದೆ, ಅಲ್ಲಿಂದ ಹೊರಡುವುದು ಅರ್ಧ ಹೆಜ್ಜೆ ಮುಂಚೆ. ಎತ್ತರದವನು ನೆಗೆಯಬೇಕು ಅಂದುಕೊಳ್ಳುವಷ್ಟರಲ್ಲಿ ಕುಳ್ಳಗಿನವನು ಗಾಳಿಯಲ್ಲಿರುತ್ತಾನೆ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಚೆನ್ನೈಯಿನ್ ವಿರುದ್ಧ ಒಂಬತ್ತನೇ ನಿಮಿಷಕ್ಕೇ ಉದಾಂತ ಸಿಂಗ್ ಕೊಟ್ಟ ಕ್ರಾಸಿಗೆ ತಲೆಕೊಟ್ಟು ಹೊಡೆದದ್ದು ಇದೇ ಲೆಕ್ಕದಲ್ಲಿ. ಆಮೇಲೆ ಚೆನ್ನೈನವರು ಮೂರು ಹೊಡೆದು 3–2ಕ್ಕೆ ಕಪ್ ಒಯ್ದರು. ಛೇ.

ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿರುವುದು ಅವನ ಕಲೆ. ಅಭಿಮಾನಿಯ ಕಲೆ ಇದರ ತದ್ವಿರುದ್ಧ.

2023ರ ಜೂನ್ 21ನ್ನೇ ತೆಗೆದುಕೊಳ್ಳಿ. ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್, ಭಾರತ–ಪಾಕಿಸ್ತಾನ, ಕಂಠೀರವ, ರಾತ್ರಿ ಏಳೂವರೆ, ಮೇಲೆ ಮಳೆ. ವೀಸಾ ತಡವಾಗಿ ಪಂದ್ಯದ ದಿನವೇ ಬೆಂಗಳೂರು ಮುಟ್ಟಿದ ಪಾಕಿಸ್ತಾನ ತಂಡ ಮೈದಾನಕ್ಕೆ ಸರಿಯಾದ ಹೊತ್ತಿಗೆ ಇಳಿಯಿತು; ಜಯನಗರದಿಂದ ಆರೂಮುಕ್ಕಾಲಿಗೆ ಕಾರು ಹತ್ತಿದವರು ಹಡ್ಸನ್ ವೃತ್ತ ದಾಟಲಿಲ್ಲ. ಹತ್ತನೇ ನಿಮಿಷ: ಹಿಂದಕ್ಕೆ ಬಂದ ಪಾಸನ್ನು ಪಾಕಿಸ್ತಾನದ ಗೋಲ್‌ಕೀಪರ್ ಸರಿಯಾಗಿ ಹಿಡಿತಕ್ಕೆ ತೆಗೆದುಕೊಳ್ಳಲಿಲ್ಲ. ಬೇರೆ ಫಾರ್ವರ್ಡ್‌ಗಳು 'ಹೋಗ್ಲಿ ಬಿಡು' ಅನ್ನುವಂಥ ಆ ಚೆಂಡಿನ ಹಿಂದೆ ಛೇತ್ರಿ ಓಡಿದ್ದ. ಗೋಲು. ಹದಿನಾರನೇ ನಿಮಿಷ: ಪೆನಾಲ್ಟಿ, ಗೋಲು. ಕಾರಿನಲ್ಲಿದ್ದವರಿಗೆ ಎರಡೂ ಕೇಳಿಸಿದವು; ಸ್ಟೇಡಿಯಂನ ಕೂಗು ಸಿಗ್ನಲ್‌ವರೆಗೆ ಬರುತ್ತದೆ. 74ರಲ್ಲಿ ಇನ್ನೊಂದು ಪೆನಾಲ್ಟಿಯೂ ಸೇರಿ 'ತ್ರಿ' ಪೂರ್ತಿಯಾಯಿತು, ಉದಾಂತ ನಾಲ್ಕನೆಯದು ಹಾಕಿದ. ಟಿಕೆಟ್ಟಿಗೆ ಪೂರ್ತಿ ದುಡ್ಡು ಕೊಟ್ಟು ಅರ್ಧ ಗೋಲು ನೋಡುವುದು ಈ ಊರಿನ ವಿಶೇಷ.

ಆದ್ದರಿಂದ ಕಾರು ಬೇಡವೇ ಬೇಡ. ಬೈಕೂ ಬೇಡ: ಹೆಲ್ಮೆಟ್ ಒಳಗೆ ಬಿಡುವುದಿಲ್ಲ, ಹೊರಗಿಟ್ಟರೆ ಉಳಿಯುವುದಿಲ್ಲ. ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿದು ನಡೆಯಿರಿ. ನೀರಿನ ಬಾಟಲಿ, ಪವರ್ ಬ್ಯಾಂಕ್, ಬಾವುಟದ ಕೋಲು ಗೇಟಿನಲ್ಲೇ ಉಳಿಯುತ್ತವೆ. ಛತ್ರಿಯೂ ಅಷ್ಟೇ. ಜೂನಿನ ಮಳೆಯಲ್ಲಿ ಗೇಟಿನಿಂದ ದಾಟುವ ಛತ್ರಿ ಒಂದೇ, ಅಂಗಡಿ ಹುಡುಗ ಬೆನ್ನ ಮೇಲೆ ಹಾಕಿಕೊಟ್ಟದ್ದು. ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಮಡಿಸಿ ಜೇಬಿಗಿಡಿ. ತಪ್ಪು ಹೆಸರನ್ನೂ ಅದು ಮುಚ್ಚುತ್ತದೆ.

ಕಂಠೀರವ ಮೂಲತಃ ಅಥ್ಲೆಟಿಕ್ಸಿನ ಮೈದಾನ. ಪ್ರೇಕ್ಷಕರಿಗೂ ಚೆಂಡಿಗೂ ನಡುವೆ ಓಟದ ಟ್ರ್ಯಾಕು ಮಲಗಿದೆ. 'ಹತ್ತಿರದಿಂದ ನೋಡೋಣ' ಅಂತ ಕೆಳಗಿನ ಸಾಲು ಹಿಡಿದವರಿಗೆ ಕಾಣುವುದು ಜಾಹೀರಾತು ಫಲಕ ಮತ್ತು ಅದರ ಮೇಲೆ ಓಡಾಡುವ ತಲೆಗಳು. ಮೇಲಿನ ಸಾಲಿಗೆ ಹೋಗಿ. ಛೇತ್ರಿ ಸಣ್ಣಗೆ ಕಂಡರೂ ಚೆಂಡಿಲ್ಲದಾಗ ಅವನು ಎಲ್ಲಿ ಸರಿಯುತ್ತಾನೆ ಎಂಬುದು ಅಲ್ಲಿಂದಲೇ ತಿಳಿಯುವುದು. ನಿಜವಾದ ಆಟ ಅದೇ. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಗುಂಪಿನ ಜೊತೆ ಸೇರುವುದಾದರೆ ಪೂರ್ತಿ ಪಂದ್ಯ ನಿಂತಿರಲು, ಕೂಗಲು, ಡೋಲಿನ ಪಕ್ಕದ ಕಿವಿಯನ್ನು ಒಂದು ದಿನದ ಮಟ್ಟಿಗೆ ಮರೆಯಲು ತಯಾರಿರಬೇಕು. ಮುಖಕ್ಕೆ ನೀಲಿ ಬಳಿಯುವುದಾದರೆ ಮುಖಕ್ಕೆಂದೇ ಮಾಡಿದ, ನೀರಿಗೆ ಹೋಗುವ ಬಣ್ಣ ತನ್ನಿ. ಪೋಸ್ಟರ್ ಕಲರ್ ಬೆವರಿಗೆ ಬಿರಿದು ಕೆರೆತ ಶುರುವಾಗುತ್ತದೆ. ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಹಚ್ಚಿಕೊಂಡ ಮಿತವ್ಯಯಿಗಳು ಮರುದಿನ ಆಫೀಸಿನಲ್ಲಿ ಸಾಕ್ಷಾತ್ ಶ್ರೀಕೃಷ್ಣ.

ಟೀ ವಿಷಯ. ವಿರಾಮ ಹದಿನೈದು ನಿಮಿಷ, ಕ್ಯೂ ಇಪ್ಪತ್ತು ನಿಮಿಷದ್ದು. ಹಾಗಾಗಿ ಜಾಣರು 43ನೇ ನಿಮಿಷಕ್ಕೇ ಏಳುತ್ತಾರೆ, ಅಷ್ಟು ಹೊತ್ತು ಸುಮ್ಮನಿದ್ದ ಚೆಂಡು ಆಗಲೇ ಜೀವ ತಳೆಯುತ್ತದೆ. ಅರ್ಧದ ಕೊನೆಗೆ ಡಿಫೆಂಡರ್‌ಗಳ ಕಾಲೂ ತಲೆಯೂ ದಣಿದಿರುತ್ತವೆ, ಗೋಲು ಬೀಳುವುದು ಆಗಲೇ.

ಮನೆಯಲ್ಲಿ ಕೂತು ನೋಡುವವರು ಇದರಿಂದ ಪಾರಾದೆವು ಅಂದುಕೊಳ್ಳಬೇಕಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಬರುವ ಆಟ ನಿಜವಾದ ಆಟಕ್ಕಿಂತ ಹಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷವೇ ಹಿಂದಿರುತ್ತದೆ. ಛೇತ್ರಿ ಇನ್ನೂ ಪೆನಾಲ್ಟಿಗೆ ಚೆಂಡು ಇಡುತ್ತಿರುವಾಗ ಪಕ್ಕದ ಮನೆಯಲ್ಲಿ 'ಹೋ' ಅನ್ನುತ್ತಾರೆ. ವಾಟ್ಸ್ಆ್ಯಪ್ ಗುಂಪನ್ನು ಮ್ಯೂಟ್ ಮಾಡಬಹುದು. ಪಕ್ಕದ ಮನೆಗೆ ಆ ಗುಂಡಿ ಇಲ್ಲ.

2023ರ ಮಾರ್ಚ್ 3, ಐಎಸ್‌ಎಲ್ ನಾಕೌಟ್, ಎದುರಿಗೆ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಗೋಲಿಲ್ಲದೆ ಕಳೆದು ಹೆಚ್ಚುವರಿ ಆಟ ಶುರುವಾಗಿತ್ತು. 96ನೇ ನಿಮಿಷ ಬೆಂಗಳೂರಿಗೆ ಫ್ರೀ ಕಿಕ್. ಇಂಥ ಹೊತ್ತಿನಲ್ಲಿ ಏನಾಗುತ್ತದೆಂದು ಎಲ್ಲರಿಗೂ ಬಾಯಿಪಾಠ: ಚೆಂಡಿಗೆ ಅಡ್ಡಲಾಗಿ ಆಟಗಾರರ ಗೋಡೆ ನಿಲ್ಲಿಸಬೇಕು, ರೆಫರಿ 9.15 ಮೀಟರ್ ಅಳೆಯಬೇಕು, ಗೋಲ್‌ಕೀಪರ್ ಎಡಕ್ಕೆ-ಬಲಕ್ಕೆ ಕೈ ಬೀಸಬೇಕು. ಏನಿಲ್ಲವೆಂದರೂ ಒಂದು ನಿಮಿಷ. ಸಾವಿರಾರು ಜನ ಆ ಒಂದು ನಿಮಿಷವನ್ನು ನಂಬಿ ಮೊಬೈಲಿಗೆ ತಲೆ ಬಗ್ಗಿಸಿದರು. ತಲೆ ಎತ್ತುವಷ್ಟರಲ್ಲಿ ಛೇತ್ರಿ ಒದ್ದ ಚೆಂಡು ಬಲೆಯಲ್ಲಿತ್ತು, ಬ್ಲಾಸ್ಟರ್ಸ್ ಗೋಲ್‌ಕೀಪರ್ ಇನ್ನೂ ಗೋಡೆ ಕಟ್ಟಿಸುತ್ತಿದ್ದ. ನಿಯಮದಲ್ಲಿ ತಪ್ಪಿಲ್ಲ: ರೆಫರಿ 'ಸೀಟಿ ಊದುವ ತನಕ ತಡೆ' ಎಂದು ಸೂಚಿಸದಿದ್ದರೆ ಫ್ರೀ ಕಿಕ್ಕನ್ನು ತಕ್ಷಣ ಹೊಡೆಯಬಹುದು. ಕೇರಳದ ಕೋಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು, ಆಮೇಲೆ ಫೆಡರೇಷನ್ ಆ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು. ಆ ರಾತ್ರಿ ಕೊಚ್ಚಿಯಲ್ಲಿ ಯಾರಿಗಾದರೂ ಕನ್ನಡ ಬರುತ್ತಿದ್ದರೆ ಅಂಗಡಿ ಹುಡುಗನ ಕಾಗುಣಿತವೇ ಸರಿ ಅನ್ನಿಸಿರಬೇಕು.

2025ರ ಏಪ್ರಿಲ್‌ನ ಸೆಮಿಫೈನಲ್ ಇನ್ನೂ ಕ್ರೂರ. ಎರಡು ಪಂದ್ಯದ ಗೋಲು ಕೂಡಿಸಿ ಲೆಕ್ಕ; ಮೊದಲನೆಯದನ್ನು ಬೆಂಗಳೂರು 2–0 ಗೆದ್ದಿತ್ತು. ಫತೋರ್ಡಾದಲ್ಲಿ ಗೋವಾ ಎರಡು ಹೊಡೆದು ಸಮ ಮಾಡಿತು. ತೊಂಬತ್ತು ನಿಮಿಷವೂ ಮುಗಿಯಿತು. ಇನ್ನು ಅರ್ಧ ಗಂಟೆ ಆಟ ಇದೆಯಲ್ಲ, ಅಷ್ಟರಲ್ಲಿ ಸಾರು ಬಿಸಿ ಮಾಡೋಣ ಎಂದು ಎದ್ದವರು ಒಲೆ ಹಚ್ಚುವುದಕ್ಕೂ ನಾಮ್‌ಗ್ಯಾಲ್ ಭುಟಿಯಾ ಕ್ರಾಸ್ ಕೊಡುವುದಕ್ಕೂ ಸರಿಹೋಯಿತು. ಮತ್ತದೇ ಕಾಣದ ಭುಜ, ಅದೇ ಅರ್ಧ ಹೆಜ್ಜೆ, ನಲವತ್ತು ವರ್ಷದ ತಲೆ. ಬೆಂಗಳೂರು ಫೈನಲ್‌ಗೆ. ಒಲೆಯ ಮೇಲಿನ ಸಾರು ಆಮೇಲೆ ಯಾರಿಗೂ ನೆನಪಿಲ್ಲ, ತಳ ಹಿಡಿದ ವಾಸನೆ ಬರುವ ತನಕ.

ಪಂದ್ಯ ಮುಗಿದ ಮೇಲಿನ ಗಂಡಾಂತರ ಒಗೆಯುವುದು. ಜೆರ್ಸಿಯನ್ನು ಒಳಮಗ್ಗಲು ಹೊರಗೆ ಮಾಡಿ ತಣ್ಣೀರಿನಲ್ಲಿ ಹಿಸುಕಬೇಕು. ರಾತ್ರಿಯಿಡೀ ಸೋಪಿನ ನೀರಿನಲ್ಲಿ ನೆನೆಸಿದರೆ ವಿನೈಲಿನ ಅಂಟು ಸಡಿಲಾಗುತ್ತದೆ, ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ. ಒಗೆಯುವ ಕಲ್ಲಿನ ಮೇಲೆ ಎರಡೇಟು ಬಿದ್ದರಂತೂ 11ರಲ್ಲಿ ಒಂದು 1 ಕಲ್ಲಿನ ಪಾಲು. ಉಳಿದ 1 ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧುದು: ಹೆಸರು ಒಬ್ಬನದು, ನಂಬರ್ ಇನ್ನೊಬ್ಬನದು. ಅಂಚು ಮಾತ್ರ ಎದ್ದಿದ್ದರೆ ಉಳಿಸಬಹುದು. ಮೇಲೆ ಬಟರ್ ಪೇಪರ್ ಹಾಕಿ, ಹಬೆ ಇಲ್ಲದ ಮಧ್ಯಮ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ, ಪೂರ್ತಿ ಆರಿದ ಮೇಲೆ ಪೇಪರ್ ಎತ್ತಿ. ಪೇಪರ್ ಇಲ್ಲದೆ ನೇರ ಇಟ್ಟರೆ ನಂಬರು ಇಸ್ತ್ರಿಪೆಟ್ಟಿಗೆಗೆ ಅಂಟಿಕೊಳ್ಳುತ್ತದೆ, ಮರುದಿನ ಯಜಮಾನರ ಬಿಳಿ ಶರ್ಟಿನ ಮೇಲೆ ಇಳಿಯುತ್ತದೆ.

ಇಷ್ಟೆಲ್ಲ ದಾಟಿದರೂ ಅಜ್ಜಿಯನ್ನು ದಾಟುವುದು ಕಷ್ಟ. ಪ್ರತಿ ಮನೆಯಲ್ಲೂ ಕ್ರಿಕೆಟ್ ಬಲ್ಲ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ. 2024ರ ಜೂನ್ 6ರ ರಾತ್ರಿ, ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ಕೊನೆಯ ಅಂತರರಾಷ್ಟ್ರೀಯ ಪಂದ್ಯ 0–0 ಆಗಿ, ಛೇತ್ರಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಸೋಫಾದಲ್ಲಿ ಮೊಮ್ಮಗನೂ ಅದನ್ನೇ ಮಾಡುತ್ತಿರುತ್ತಾನೆ.

"ಯಾರೋ ಅದು, ಹಂಗ್ ಅಳ್ತಿರೋದು?"

"ಛೇತ್ರಿ ಅಜ್ಜಿ. ರಿಟೈರ್ ಆಗ್ತಿದಾನೆ. 151 ಮ್ಯಾಚು, 94 ಗೋಲು."

"ತೊಂಬತ್ನಾಕಾ? ಅಯ್ಯೋ, ಇನ್ನಾರು ಹೊಡೆದಿದ್ರೆ ಸೆಂಚುರಿ ಆಗ್ತಿತ್ತಲ್ಲೋ! ಅಷ್ಟಕ್ಕೇ ಔಟಾದ್ನಾ?"

ದೇಶದ ಪರ ಅವನಿಗಿಂತ ಹೆಚ್ಚು ಹೊಡೆದವರು ಆಗ ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಮೂವರೇ ಎಂದು ವಿವರಿಸಿ ಉಪಯೋಗವಿಲ್ಲ. ಛೇತ್ರಿಯ ಅಮ್ಮ ನೇಪಾಳದ ಪರ ಫುಟ್‌ಬಾಲ್ ಆಡಿದವರು ಅಂದರೆ ಮಾತ್ರ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.

ಆ ವಾರ ಅಭಿಮಾನಿಗಳು ಮಾಡಿದ ತಪ್ಪು ಒಂದೇ, ಎಲ್ಲರೂ ಮಾಡಿದ್ದು. ಜೆರ್ಸಿಯನ್ನು ಫ್ರೇಮ್ ಹಾಕಿಸಿದರು. ಗಾಜು, ಮರದ ಅಂಚು, ಕೆಳಗೆ ಹಿತ್ತಾಳೆ ಪಟ್ಟಿಯಲ್ಲಿ ಕೊರೆಸಿದ ಅಕ್ಷರ: '2005–2024, 94 ಗೋಲು.' ಒಂಬತ್ತೇ ತಿಂಗಳು, ನಿವೃತ್ತಿ ವಾಪಸ್. 2025ರ ಮಾರ್ಚ್ 19, ಶಿಲ್ಲಾಂಗ್, ಮಾಲ್ಡೀವ್ಸ್ ವಿರುದ್ಧ 3–0, ಅದರಲ್ಲೊಂದು ಛೇತ್ರಿಯ ತಲೆಯಿಂದ. 95.

"ಮತ್ತೆ ಬಂದ್ನಾ? ಒಂದು ರನ್ನಿಗೆ?" ಅಂದರು ಅಜ್ಜಿ.

ಹಿತ್ತಾಳೆಯಲ್ಲಿ ಕೊರೆದ 4ನ್ನು 5 ಮಾಡಲು ಬರುವುದಿಲ್ಲ. ಪಟ್ಟಿಯನ್ನೇ ಬದಲಿಸಬೇಕು, ಅದಕ್ಕೆ ಫ್ರೇಮು ಬಿಚ್ಚಬೇಕು, ಹಿಂದಿನ ಹಲಗೆಗೆ ಮೊಳೆ ಹೊಡೆದಿದ್ದರೆ ಗಾಜು ಬಿರುಕು ಬಿಡುವುದು ಬಹುತೇಕ ಖಂಡಿತ. ಆದ್ದರಿಂದ ಫ್ರೇಮ್ ಮಾಡಿಸುವವರು ಹಿಂಬದಿಗೆ ತಿರುಗಿಸುವ ಕ್ಲಿಪ್ಪುಗಳನ್ನೇ ಹಾಕಿಸಿ, ಅಂಕಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ.