ಹೊಸತೆಂದವರಿಗೆ ಹಳೆಯ ಹಾಳೆ

ಯುರೋಪಿನ ಪೇಟೆಂಟ್ ಕಚೇರಿ ಇರುವ ಮ್ಯೂನಿಕ್‌ಗೆ ಬಂದು ಹನ್ನೊಂದು ವರ್ಷವಾಯಿತು. ಹಳೆಯ ಪೇಟೆಂಟ್‌ಗಳನ್ನು ಹುಡುಕುವುದು ನನ್ನ ಕೆಲಸ. ಯಾರೋ ‘ಇದು ನನ್ನ ಆವಿಷ್ಕಾರ’ ಎಂದು ಪೇಟೆಂಟ್ ಪಡೆದಿರುತ್ತಾರೆ. ಅದು ಅವರಿಗಿಂತ ಮೊದಲೇ ಇತ್ತೆಂದು ನಾನು ತೋರಿಸಬೇಕು.

ಕಳೆದ ಚಳಿಗಾಲದಲ್ಲಿ ಒಂದು ವಾಲ್ವ್‌ನ ಪ್ರಕರಣ ಬಂತು. ಕ್ಲೇಮನ್ನು, ಅಂದರೆ ‘ಇಷ್ಟು ನನ್ನದು’ ಎಂದು ಹಕ್ಕು ಕೇಳುವ ವಾಕ್ಯವನ್ನು, ಬಿಡಿಸಿ ಬರೆದರೆ ಐದು ಅಂಶಗಳು. ಮೂರು ವಾರ ಹುಡುಕಿದ ಮೇಲೆ 1978ರ ಒಂದು ಜಪಾನಿ ಪೇಟೆಂಟ್ ಸಿಕ್ಕಿತು. ನಾಲ್ಕು ಅಂಶಗಳು ಅದರ ಬರಹದಲ್ಲೇ ಇದ್ದವು. ಐದನೆಯದು, ತಟ್ಟೆಯ ಅಡಿಯ ಸ್ಪ್ರಿಂಗ್, ಎಲ್ಲಿಯೂ ಇಲ್ಲ. ಕೊನೆಗೆ ಮೂರನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ತಟ್ಟೆಯ ಕೆಳಗೆ ಸಣ್ಣ ಅಂಕುಡೊಂಕು ಗೆರೆ! ಅದಕ್ಕೆ ಅಂಕಿಯನ್ನೂ ಹಾಕಿರಲಿಲ್ಲ. ಆ ಕಸುಬು ಬಲ್ಲವನಿಗೆ ಚಿತ್ರದಲ್ಲಿ ಸ್ಪಷ್ಟವಾಗಿ ಕಂಡರೆ ಸಾಕು, ಬರೆದಷ್ಟೇ ಬೆಲೆ. ಆ ಪೇಟೆಂಟ್‌ನ ಅವಧಿ ಎಂದೋ ಮುಗಿದಿತ್ತು, ಆದರೆ ಸಾಕ್ಷಿಗೆ ಅವಧಿಯಿಲ್ಲ.

ಐದೂ ಅಂಶಗಳು ಒಂದೇ ದಾಖಲೆಯಲ್ಲಿ ಇರಬೇಕೆಂಬುದು ಇಲ್ಲಿ ಮುಖ್ಯ. ಮೂರು ಒಂದರಲ್ಲಿ, ಎರಡು ಇನ್ನೊಂದರಲ್ಲಿ ಇದ್ದರೆ ‘ಹೊಸತಲ್ಲ’ ಎನ್ನಲಾಗದು. ‘ಎರಡನ್ನೂ ಜೋಡಿಸುವುದು ಯಾವ ಕಸುಬುದಾರನಿಗೂ ಹೊಳೆಯುತ್ತಿತ್ತು’ ಎಂದು ಬೇರೆಯೇ ವಾದ ಹೂಡಬೇಕು, ಅದು ಕಷ್ಟದ ದಾರಿ.

ತಕರಾರು ಎತ್ತುವ ರೀತಿ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ ಪೇಟೆಂಟ್ ಕೊಟ್ಟ ಒಂಬತ್ತು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು. ನಮ್ಮ ದೇಶದಲ್ಲಿ ಇನ್ನೂ ಉದಾರತೆಯಿದೆ: ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲೇ, ಯಾರಾದರೂ ಅಡ್ಡಿ ಹೇಳಬಹುದು. ಇದು ನಮ್ಮ ಕಾನೂನಿನ ದೊಡ್ಡ ಗುಣವೆಂದು ನಾನು ಇಲ್ಲಿನ ಸಹೋದ್ಯೋಗಿಗಳಿಗೆ ಹೆಮ್ಮೆಯಿಂದ ಹೇಳುತ್ತೇನೆ.

ಅಮೆರಿಕದ ಹಳೆಯ ಕಾನೂನು ನನ್ನನ್ನು ಇಂದಿಗೂ ಕೆರಳಿಸುತ್ತದೆ. ಹೊರದೇಶದಲ್ಲಿ ಜನ ಬಳಸುತ್ತಿದ್ದರು ಎಂದರೆ ಅದು ಲೆಕ್ಕಕ್ಕಿಲ್ಲ, ಅಚ್ಚಾದ ಕಾಗದ ಬೇಕು. 1995ರಲ್ಲಿ ಅಲ್ಲಿ ಅರಿಸಿನದಿಂದ ಗಾಯ ಮಾಯಿಸುವುದಕ್ಕೆ ಪೇಟೆಂಟ್ ಕೊಟ್ಟರು. ಮೊಣಕಾಲು ತರಚಿಕೊಂಡು ಬಂದಾಗಲೆಲ್ಲ ನನ್ನ ಅಜ್ಜಿ ಹಚ್ಚುತ್ತಿದ್ದ ಅದೇ ಅರಿಸಿನ! ಅಜ್ಜಿಯ ಕೈ ಅಲ್ಲಿ ಸಾಕ್ಷಿಯಾಗುತ್ತಿರಲಿಲ್ಲ. ಭಾರತ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ 32 ದಾಖಲೆಗಳನ್ನು ಹುಡುಕಿ ಮುಂದಿಡಬೇಕಾಯಿತು. ಅವುಗಳಲ್ಲಿ ಭಾರತೀಯ ವೈದ್ಯಕೀಯ ಸಂಘದ ನಿಯತಕಾಲಿಕೆಯ 1953ರ ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ಬಿದ್ದುಹೋಯಿತು. 2013ರ ಮಾರ್ಚ್‌ನಿಂದ ಸಲ್ಲಿಸಿದ ಅರ್ಜಿಗಳಿಗೆ ಅಮೆರಿಕವೂ ಈ ತಾರತಮ್ಯವನ್ನು ಕೈಬಿಟ್ಟಿದೆ.

ಮ್ಯೂನಿಕ್‌ನಲ್ಲಿ ಬರಹ, ಮಾತು, ಬಳಕೆ ಯಾವುದಾದರೂ ಸರಿ, ಅರ್ಜಿಯ ದಿನಕ್ಕೆ ಮೊದಲು ಸಾರ್ವಜನಿಕರಿಗೆ ಲಭ್ಯವಿತ್ತೆಂದು ತೋರಿಸಬೇಕು. ಭಾಷೆಯ ಕಟ್ಟಳೆಯೂ ಇಲ್ಲ. ಇಲ್ಲೇ 2000ದಲ್ಲಿ ಬೇವಿನೆಣ್ಣೆಯಿಂದ ಬೆಳೆಗಳ ಶಿಲೀಂಧ್ರ ತಡೆಯುವ ವಿಧಾನದ ಪೇಟೆಂಟ್ ರದ್ದಾದಾಗ ಭಾರತದ ಒಬ್ಬ ತಯಾರಕರ ಸಾಕ್ಷ್ಯಕ್ಕೂ ಬೆಲೆ ಬಂದಿತ್ತು. ಹಾಗೆಂದ ಮೇಲೆ ದಿನಾಂಕವಿರುವ ಕನ್ನಡದ ಒಂದು ಪುಟಕ್ಕೂ ಆ ಜಪಾನಿ ಪೇಟೆಂಟ್‌ಗೂ ಕಾನೂನಿನ ಮುಂದೆ ಒಂದೇ ತೂಕ. ಆದರೆ ಆ ಪುಟ ಎಲ್ಲಿದೆ? ಭಾರತದಲ್ಲಿ ಪೇಟೆಂಟ್ ಅರ್ಜಿಗೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಇಂಥ ಸಾಕ್ಷಿಗಳನ್ನು ಪೇಟೆಂಟ್ ಕಚೇರಿಗಳ ಮುಂದಿಡಲೆಂದು ಭಾರತದಲ್ಲಿ 2001ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯಕ್ಕೆ ಸಂಸ್ಕೃತ, ಅರಬ್ಬಿ, ಪಾರಸಿ, ಉರ್ದು, ತಮಿಳು ಗ್ರಂಥಗಳನ್ನು ಆರಿಸಿಕೊಂಡರು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ನನಗಿದು ನೋವಿನ ವಿಷಯ.

ಶಿರಸಿಯ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಭಾವ ಅಡಿಕೆ ಸುಲಿಯುವ ಯಂತ್ರಕ್ಕೆ ತಾವೇ ಒಂದು ಮಾರ್ಪಾಡು ಮಾಡಿದ್ದಾರೆ. ಪೇಟೆಂಟ್ ಬೇಕೆಂದಿದ್ದರೆ ಪ್ರಕಟಿಸುವ ಮೊದಲೇ ಅರ್ಜಿ ಹಾಕಬೇಕು, ಅದನ್ನು ಹೇಳಿದೆ. ಅವರಿಗೆ ಬೇಡ, ಊರವರೆಲ್ಲ ಮಾಡಿಕೊಳ್ಳಲಿ ಎನ್ನುತ್ತಾರೆ. ‘ಹಾಗಾದರೆ ಚಿತ್ರ ಬರೆದು, ಅಳತೆ ಹಾಕಿ, ಕೃಷಿ ಪತ್ರಿಕೆಯೊಂದಕ್ಕೆ ಕಳಿಸಿ ಭಾವ’ ಎಂದೆ. ಮೊನ್ನೆ ಕರಡು ಕಳಿಸಿದ್ದರು. ಅಲಗು, ಜರಡಿ, ಮೋಟಾರು ಎಲ್ಲವೂ ಇದ್ದವು, ಅಲಗನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಮಾತ್ರ ಇರಲಿಲ್ಲ. ಫೋನ್ ಮಾಡಿ ಕೇಳಿದರೆ, ‘ಅದು ಎಲ್ಲರಿಗೂ ಗೊತ್ತಿರುವುದಲ್ಲವೇ, ಬರೆಯುವುದೇನು?’ ಎಂದರು.

ಅದನ್ನೇ ಮೊದಲು ಬರೆಯಿರಿ ಎಂದು ಕೇಳಿಕೊಂಡೆ.