ರೈತ ಕ್ಲಬ್ ಸೇರಿದರೆ ಸಾಲ ಸಿಗುತ್ತಾ? ಒಂದು ಸ್ಪಷ್ಟನೆ

‘ರೈತ ಕ್ಲಬ್ ಸದಸ್ಯರಿಗೆ ನಬಾರ್ಡ್‌ನಿಂದ ನೇರ ಸಾಲ, ಆಟಿ ತಿಂಗಳ ಕೆಸರುಗದ್ದೆ ಊಟಕ್ಕೂ ಅವರದ್ದೇ ದುಡ್ಡು’ ಅನ್ನುವ ಮೆಸೇಜ್ ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಸರಿಯಲ್ಲ.

ನಬಾರ್ಡ್ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್) ರೈತರಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಅದು ಬ್ಯಾಂಕ್‌ಗಳು ಕೊಡುವ ಸಾಲಕ್ಕೆ ಹಿಂದಿನಿಂದ ಹಣ ಒದಗಿಸುವ ಸಂಸ್ಥೆ. ರೈತ ಕ್ಲಬ್ ಅಂದರೆ ಊರಿನ ರೈತರು ಸೇರಿ ಮಾಡಿಕೊಳ್ಳುವ ಗುಂಪು. ನಬಾರ್ಡ್‌ನ ಈ ಯೋಜನೆ 1982ರಲ್ಲಿ ‘ವಿಕಾಸ ವಾಲಂಟಿಯರ್ ವಾಹಿನಿ’ಯಾಗಿ ಶುರುವಾಯಿತು, 2005ರಲ್ಲಿ ಈಗಿನ ಹೆಸರು ಬಂತು. ಕ್ಲಬ್‌ಗಳಿಗೆ ನೆರವು ಕೊಟ್ಟದ್ದುಂಟು, ಆದರೆ ಅದು ಸಭೆ, ತರಬೇತಿಯಂಥ ಕೆಲಸಕ್ಕೆ. ಸಾಲ ಬೇಕಾದರೆ ಬ್ಯಾಂಕಿಗೋ ಊರಿನ ಸೊಸೈಟಿಗೋ ಹೋಗಲೇಬೇಕು.

ಇನ್ನು ಊಟದ ವಿಷಯ, ಅಂದರೆ ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಕೆಸರುಗದ್ದೆ ಆಟದ ದಿನ ಎಲ್ಲರೂ ಕೂಡಿ ಮಾಡುವ ಊಟ. ನಮ್ಮ ಕ್ಲಬ್‌ನಲ್ಲಿ ಅಕ್ಕಿ, ತೆಂಗಿನಕಾಯಿ ಸದಸ್ಯರ ಮನೆಯಿಂದಲೇ ಬರುತ್ತದೆ. ಪತ್ರೊಡೆಗೆ ಕೆಸುವಿನ ಎಲೆ ತೋಟದ ಬದಿಯಲ್ಲೇ ಇದೆ, ಅದಕ್ಕೆ ಯಾರ ಅನುದಾನ ಬೇಕು ಹೇಳಿ! ಹಗ್ಗಜಗ್ಗಾಟ ಮುಗಿದು ಊಟ ಆದ ಮೇಲೆ ಮಾತು ತಾನಾಗಿ ಅಡಿಕೆಯ ಕೊಳೆರೋಗಕ್ಕೆ ತಿರುಗುತ್ತದೆ. ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ನೋಡಲು ಹಿರಿಯರೊಬ್ಬರು ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ತೋರಿಸುತ್ತಾರೆ. ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಕ್ಲಬ್‌ನಿಂದ ನಿಜವಾಗಿ ಸಿಗುವುದು ಇಂಥದ್ದು.

ಸಾಲ ಕೊಡಿಸುತ್ತೇವೆ ಅಂತ ಯಾರಾದರೂ ‘ಸದಸ್ಯತ್ವ ಶುಲ್ಕ’ ಕೇಳಿದರೆ ಸುಮ್ನೆ ಕೊಡಬೇಡಿ. ಮೊದಲು ನಿಮ್ಮ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿ.