ಸತ್ಯಾಂಶ: ಫರ್ಬಿ ಗೊಂಬೆ ಮನೆಯವರ ಮಾತು ಕದ್ದು ಕೇಳುತ್ತಿತ್ತಾ?

‘ಫರ್ಬಿ ಗೊಂಬೆ ಮನೆಯವರ ಮಾತನ್ನೆಲ್ಲ ರೆಕಾರ್ಡ್ ಮಾಡುತ್ತಿತ್ತು, ಅದಕ್ಕೇ ಅಮೆರಿಕದ ಗುಪ್ತಚರ ಸಂಸ್ಥೆ ಅದನ್ನು ನಿಷೇಧಿಸಿತು’ ಎಂಬ ಫಾರ್ವರ್ಡ್ ಅರ್ಧ ಮಾತ್ರ ನಿಜ. ಎನ್‌ಎಸ್‌ಎ ಎಂಬ ಆ ಸಂಸ್ಥೆ ತನ್ನ ಕಚೇರಿಯೊಳಗೆ ಫರ್ಬಿ ತರಬೇಡಿ ಎಂದಿದ್ದು ಹೌದು. ಅದು ಸುದ್ದಿಯಾಗಿದ್ದು 1999ರ ಜನವರಿಯಲ್ಲಿ. ಆದರೆ ರೆಕಾರ್ಡ್ ಮಾಡುವ ಸೌಲಭ್ಯವೇ ಆ ಗೊಂಬೆಯಲ್ಲಿರಲಿಲ್ಲ! ಸುಮ್ನೆ ಹೆದರಿದ್ದರು.

1998ರಲ್ಲಿ ಟೈಗರ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ತಂದ ಈ ಗೂಬೆಕಣ್ಣಿನ ಗೊಂಬೆ ಮೊದಮೊದಲು ‘ಫರ್ಬಿಶ್’ ಎಂಬ ತನ್ನದೇ ಭಾಷೆ ಆಡುತ್ತಿತ್ತು. ದಿನ ಕಳೆದಂತೆ ಇಂಗ್ಲಿಷ್ ಪದಗಳು ಜಾಸ್ತಿಯಾಗುತ್ತಿದ್ದವು. ನಮ್ಮನ್ನು ಕೇಳಿಯೇ ಕಲಿತಿದೆ ಅನ್ನಿಸುವುದು ಸಹಜ, ಅಲ್ವಾ? ಆ ಪದಗಳೆಲ್ಲ ಕಾರ್ಖಾನೆಯಲ್ಲೇ ಚಿಪ್‌ಗೆ ತುಂಬಿದವು. ಆಡಿಸಿದಷ್ಟೂ ಒಂದೊಂದಾಗಿ ಹೊರಬರುತ್ತಿದ್ದವು, ಅಷ್ಟೇ. ಒಳಗಿನ ಮೈಕ್‌ಗೆ ಸದ್ದಾಯಿತು ಎಂದಷ್ಟೇ ಗೊತ್ತಾಗುತ್ತಿತ್ತು.

ಮೂರು ವರ್ಷದಲ್ಲಿ ಸುಮಾರು 4 ಕೋಟಿ ಫರ್ಬಿಗಳು ಮಾರಾಟವಾದವು. 2023ರಲ್ಲೂ ಟೈಗರ್ ಅನ್ನು ಕೊಂಡಿದ್ದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ಹೊಸ ಫರ್ಬಿ ತಂದಿತು.